ತೊಡಿ ಖಾಲಿ ಇಲ್ಲ

ಬೆಂಗಳೂರು ರೋಡಿನ ಅಂಗಡ್ಯಾಗ
ಎರಡೂ ತೋರಿಸಿದ ಹುಡುಗ.
ಒಂದು ಎತ್ತರದ್ದು, ನಾಕು ಕಾಲು,
ಮುಂದೊಂದು ತಾಟು, ತಾಟಿನ ಮ್ಯಾಲ ಜಿರಾಫೆ;
ಕೂಸು ಕುಂತರ ಮಂತ್ರಿ ಕುಂತಂಗ.
ಮೂರು ಸಾವಿರದ ಎಂಟುನೂರು.
ಇನ್ನೊಂದಕ್ಕ ಕಾಲೇ ಇಲ್ಲ.
"ಇದು ಬೂಸ್ಟರ್ರಿ ಅಕ್ಕಾ. ದೊಡ್ಡೋರ ಕುರ್ಚಿ ಮ್ಯಾಲ ಇಟ್ಟು
ಹಿಂದೊಂದು ಕೆಳಗೊಂದು ಬೆಲ್ಟ್ ಬಿಗಿದ್ರ ಆತು.
ಡೈನಿಂಗ್ ಟೇಬಲ್ಲಿಗೆ ಬರೋಬ್ಬರಿ ಬರತೈತಿ."
ಹದಿನಾಕು ನೂರು.

ನಮ್ಮನ್ಯಾಗ ಡೈನಿಂಗ್ ಟೇಬಲ್ ಇಲ್ಲ ಅಂತ
ನಾನು ಹೇಳಲಿಲ್ಲ. ಎರ್ರಿಸ್ವಾಮಿನೂ ಹೇಳಲಿಲ್ಲ.
ಅವ ಬೆಲ್ಟಿನ ಹೊಲಿಗಿ ನೋಡಾಕತ್ತಿದ್ದ,
ಉಗುರಿಲೆ ಕೆದರಿ ಕೆದರಿ.
"ಒಂದೇ ಹೊಲಿಗಿ ಹಾಕ್ಯಾರ. ಇಲ್ಲಿ ಡಬಲ್ ಬೇಕಿತ್ತು."
ದಿನಕ್ಕ ಮುನ್ನೂರು ಪ್ಯಾಂಟಿಗೆ ಲೂಪ್ ಹಚ್ಚೋನ ಕಣ್ಣು
ಮತ್ತೇನು ನೋಡೀತು.

ಅತ್ತಿ ಹುಲಿಗೆಮ್ಮ ನಾವು ಹೊಂಡೋ ಮುಂಚೇನ ಅಂದಿದ್ಲು:
"ತೊಡಿ ಇರಬೇಕಾದ್ರ ಕುರ್ಚಿ ಯಾಕ?
ಆರು ಮಕ್ಕಳಿಗೆ ಉಣಿಸೀನಿ ನಾನು,
ಒಂದಕ್ಕಾರ ಬೆಲ್ಟ್ ಕಟ್ಟೀನೇನು?"

ತೊಡಿ ಐತಿ ಅತ್ತೀ. ಎರಡೂ ಅದಾವ.
ಅವುಗಳ ಮ್ಯಾಲ ಮುಂಜಾನಿ ಏಳರಿಂದ
ಜೀನ್ಸ್ ಬಿದ್ದಿರತಾವ.
ದಾರದ ತುದಿ ಕತ್ತರಿಸಬೇಕು, ಗುಂಡಿ ತಿರುವಿ ನೋಡಬೇಕು,
ಪ್ಯಾಂಟಿಗೆ ಒಂದೂಕಾಲು ರೂಪಾಯಿ.
ಕೂಸಿಗೆ ಒಂಬತ್ತು ತಿಂಗಳು,
ಅಂಬೆಗಾಲಿಟ್ಟು ಬಂದು ಸೀದಾ ಕತ್ತರಿಗೇ ಕೈ.
ಮೊನ್ನೆ ಬಾಯಾಗ ಬೆರಳು ಹಾಕಿ ತೆಗೆದೆ: ಒಂದು ರಿವೆಟ್,
ತಾಮ್ರದ್ದು, ಜೊಲ್ಲಿನಾಗ ಹೊಳೀತಿತ್ತು.
ಅವತ್ತೇ ಅಂದೆ, ಕೂಸಿಗೊಂದು ಜಾಗ ಬೇಕು,
ನನ್ನ ಮೈ ಅಲ್ಲದ್ದು.

ಹುಡುಗ ಎತ್ತರದ್ದನ್ನ ಮಡಚಿ ತೋರಿಸಿದ.
ಮಡಚಿದ್ರೂ ನಮ್ಮ ಬಾಗಿಲಷ್ಟಿತ್ತು.
ಕೌಲ್ ಬಜಾರಿನ ಮನಿ. ಎರಡು ಮಿಷಿನ್ನು, ಒಂದು ಮಂಚ,
ಬಟ್ಟಿ ಗಂಟು ಎಂಟು, ನಾವು ನಾಕು ಮಂದಿ.
ಜಿರಾಫೆ ಎಲ್ಲಿ ನಿಂದರಬೇಕು?
ಮತ್ತ ಅಷ್ಟೆತ್ತರ ಕುಂತು
ನೆಲದ ಮ್ಯಾಲ ಉಣ್ಣೋ ಅಪ್ಪನ ನೆತ್ತಿ ನೋಡಬೇಕು ಕೂಸು,
ಮುಖ ಅಲ್ಲ.
ಇದನ್ನ ನಾನು ಬಾಯಿಬಿಟ್ಟೇ ಅಂದೆ.
ಎರ್ರಿಸ್ವಾಮಿ ನಡುನೆತ್ತಿ ಮುಟ್ಟಿ ನೋಡಿಕೊಂಡ.

ಬೂಸ್ಟರ್ ತಂದ್ವಿ.
ಆಟೋದಾಗ ಅದು ನನ್ನ ತೊಡಿ ಮ್ಯಾಲ,
ಕೂಸು ಅವನ ತೊಡಿ ಮ್ಯಾಲ.

ಮನಿಗೆ ಬಂದ ಮ್ಯಾಲ ಗೊತ್ತಾತು,
ಬೆನ್ನಿರೋ ಕುರ್ಚಿ ನಮ್ಮಲ್ಲಿ ಒಂದೇ.
ಕೆಂಪು ಪ್ಲಾಸ್ಟಿಕ್ಕು, ಒಂದು ಕಾಲು ಸೀಳಿ
ತಂತಿ ಸುತ್ತಿದ್ದು. ಮಿಷಿನ್ನಿನ ಮುಂದಿನವು ಬರೇ ಸ್ಟೂಲು.
ಮ್ಯಾಲಿಟ್ಟು ಬೆಲ್ಟ್ ಬಿಗಿದು
ಎರ್ರಿಸ್ವಾಮಿ ಅಲುಗಿಸಿದ. ಅಲುಗಿತು.
ಬಿಚ್ಚಿದ. ನೆಲದ ಮ್ಯಾಲಿಟ್ಟ.
ಕೂಸಿನ ಸೊಂಟದ ಬೆಲ್ಟಿಗೆ ಮಾತ್ರ
ಮಿಷಿನ್ನಿಗೆ ಹಾಕಿ ಎರಡನೇ ಹೊಲಿಗಿ ಹೊಡೆದ,
ಕಿತ್ತಳಿ ದಾರ, ಪ್ಯಾಂಟಿಗೆ ಹಾಕೋದೇ.

ಈಗ ಹನ್ಸಿಕಾ ನೆಲದಿಂದ ಒಂದು ಗೇಣು ಮ್ಯಾಲ.
ಉಣ್ಣಾಕ ಕುಂತಾಗ ಕಣ್ಣಿಗೆ ಕಣ್ಣು ಕೂಡತಾವ.
ರೊಟ್ಟಿ ಹಾಲಾಗ ನೆನಸಿ ಕೊಟ್ರ
ಅರ್ಧ ಬಾಯಿಗೆ, ಅರ್ಧ ಬಟ್ಟಿ ಗಂಟಿಗೆ;
ಹಾಲಿನ ಕಲಿ ಬಿದ್ದ ಎರಡು ಪ್ಯಾಂಟು
ಮಾಲಕ ವಾಪಸ್ ಕಳಿಸಿದ.

ಅತ್ತಿ ನಾಕು ದಿನ ಆ ಕಡೆ ನೋಡಲಿಲ್ಲ.
ಆಕಿಗೆ ಮಣಕಾಲು ಮಡಚಾಕ ಬರಂಗಿಲ್ಲ, ಎರಡು ವರ್ಷಾತು.
ಮಂಚದ ಅಂಚಿಗೆ ಕುಂತು, ತಾಟು ಕೈಯಾಗ ಹಿಡಿದು
ಒಬ್ಬಾಕೇ ಉಣ್ಣತಾಳ, ನಮ್ಮ ನೆತ್ತಿ ನೋಡಿಕೋತ.
ಐದನೇ ದಿನ ರಾತ್ರಿ ಕೂಸು ಮಲಗಿದ ಮ್ಯಾಲ
ಬೂಸ್ಟರ್ ಎತ್ತಿ ಮಂಚದ ಮ್ಯಾಲಿಟ್ಟು
ಬೆಲ್ಟ್ ಜಗ್ಗಿ ನೋಡಿದ್ಲು,
ಕಿತ್ತಳಿ ಹೊಲಿಗಿ ಮ್ಯಾಲ ಬೆರಳಾಡಿಸಿದ್ಲು.
"ದೊಡ್ಡೋರಿಗೆ ಬರತಾವೇನು ಇಂಥವು ಅಂತ
ಆ ಹುಡುಗನ್ನ ಕೇಳಲೇ ಇಲ್ಲ ನೀವು" ಅಂದ್ಲು.

ನಾನು ದಾರ ಕತ್ತರಿಸಾಕತ್ತಿದ್ದೆ.
ಇನ್ನೂ ಅರವತ್ತು ಪ್ಯಾಂಟು ಇದ್ವು.